ಓದಲು ನಿಂತವಳು

ಮನೆಯಿಂದ,
ಮಂಗಳವಾರ, ಮಾರ್ಚ್ ಹನ್ನೆರಡು, ಮಧ್ಯಾಹ್ನ

ಮಗಳಿಗೆ,

ಪ್ರತಿ ಸಲ ಈ ಜಾಗದಲ್ಲಿ ‘ಪ್ರೀತಿಯ’ ಎಂದು ಬರೆಯುತ್ತಿದ್ದೆ. ಈ ಸಲ ಪೆನ್ನು ಅಲ್ಲಿ ನಿಲ್ಲದೆ ಮುಂದಕ್ಕೆ ಹೋಯಿತು. ಪ್ರೀತಿ ಎಲ್ಲಿಗೂ ಹೋಗಿಲ್ಲ, ಆದರೆ ಇವತ್ತು ಅದನ್ನು ಬರೆದರೆ ಸುಳ್ಳು ಬರೆದಂತಾಗುತ್ತದೆ. ನಿನ್ನ ಗಂಟಲು ಹೇಗಿದೆ? ಹೋದ ವಾರ ಫೋನಿನಲ್ಲಿ ದನಿ ಗೊಗ್ಗರಾಗಿತ್ತು. ತರಗತಿಯಲ್ಲಿ ಕಿರುಚಬೇಡ. ಮೆಲ್ಲಗೆ ಮಾತಾಡುವವರಿಗೇ ಮಕ್ಕಳು ಹೆಚ್ಚು ಹೆದರುವುದು. ಬಿಸಿನೀರು ಕುಡಿ, ಆ ಮಹಡಿಯ ಕೋಣೆಗೆ ಗಾಳಿ ಜಾಸ್ತಿ, ಕಿಟಕಿ ಮುಚ್ಚಿಕೊಂಡು ಮಲಗು. ನನ್ನ ಮಂಡಿ ಇದ್ದ ಹಾಗೇ ಇದೆ. ನಿನ್ನ ಅಣ್ಣನಿಗೆ ನೆಗಡಿ. ಇಲ್ಲಿಗೆ ಕ್ಷೇಮಸಮಾಚಾರ ಮುಗಿಯಿತು.

ಫೋನ್ ಮಾಡಬಹುದಿತ್ತು. ಮಾಡಿದರೆ ನೀನು ‘ಅಮ್ಮಾ, ಒಂದ್ನಿಮಿಷ ಕೇಳು’ ಎಂದು ನಡುವೆ ಬಾಯಿ ಹಾಕುತ್ತೀಯ. ಆ ಒಂದು ನಿಮಿಷ ಬೆಳೆದು ಬೆಳೆದು, ಕೊನೆಗೆ ತಪ್ಪು ನನ್ನದೇ ಆಗಿರುತ್ತದೆ. ಇಂಗ್ಲಿಷ್ ಟೀಚರನ್ನು ಹೆತ್ತವಳಿಗೆ ಈ ಕಷ್ಟ ಇದ್ದದ್ದೇ. ಕಾಗದದ ಮೇಲಾದರೆ ನನ್ನ ಮಾತಿಗೆ ಅಡ್ಡ ಬರುವವರಿಲ್ಲ. ಆದ್ದರಿಂದ ಕೂತುಕೊಂಡು ಓದು. ನಿಂತುಕೊಂಡು ಓದಬೇಡ. ನಿಂತು ಓದುವವರ ಬಗ್ಗೆ ನೀನು ಈಗಾಗಲೇ ಸಾಕಷ್ಟು ನಕ್ಕಿದ್ದೀಯ, ಊರೆಲ್ಲ ನಗಿಸಿದ್ದೀಯ.

ನಡೆದದ್ದು ನಿನಗೆ ಗೊತ್ತು. ಆದರೂ ಬರೆಯುತ್ತೇನೆ, ಯಾಕೆಂದರೆ ಈ ಮನೆಯಲ್ಲಿ ಕೂತವರಿಗೆ ಅದು ಹೇಗೆ ಕಂಡಿತು ಎನ್ನುವುದು ನಿನಗೆ ಗೊತ್ತಿಲ್ಲ. ನಿನ್ನ ಅತ್ತಿಗೆ ಆ ಹೊಲಿಗೆ ತರಬೇತಿ ಶಾಲೆಗೆ ಟೀಚರ್ ಕೆಲಸಕ್ಕೆ ಅರ್ಜಿ ಹಾಕಿದ್ದಾಳೆ. ನಾನು ಹಾಕು ಎಂದಿದ್ದಲ್ಲ, ನಿನ್ನ ಅಣ್ಣನೂ ಅಲ್ಲ. ಒಂದು ದಿನ ಕತ್ತರಿಸುವ ಮೇಜಿನಿಂದ ತಲೆ ಎತ್ತಿ, ‘ಅತ್ತೆ, ನಂಗೆ ಹತ್ತು ಜನರ ಮುಂದೆ ನಿಂತು ಹೇಳ್ಕೊಡಬೇಕು ಅಂತ ಆಸೆ’ ಎಂದಳು. ಇಷ್ಟು ವರ್ಷಗಳಲ್ಲಿ ಅವಳ ಬಾಯಿಂದ ಆಸೆ ಎನ್ನುವ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ಬಟ್ಟೆ ಕತ್ತರಿಸುವುದರಲ್ಲಿ ಅವಳನ್ನು ಪರೀಕ್ಷೆ ಮಾಡುವವರು ಇನ್ನೂ ಹುಟ್ಟಬೇಕು. ಆದರೆ ಅಲ್ಲಿ ಪಾಠ ಹೇಳುವುದು ಇಂಗ್ಲಿಷಿನಲ್ಲಿ. ತನ್ನ ಬಗ್ಗೆ ಒಂದು ಪುಟ ಇಂಗ್ಲಿಷಿನಲ್ಲಿ ಬರೆದುಕೊಂಡು ಹೋಗಬೇಕು, ಮುಂದಿನ ಭಾನುವಾರ ಬಿಟ್ಟು ಅದರ ಮುಂದಿನ ಭಾನುವಾರ ವ್ಯಾಕರಣದ ಪರೀಕ್ಷೆಗೆ ಕೂರಬೇಕು. ಆ ಒಂದು ಪುಟವನ್ನು ಅವಳು ಪ್ಯಾಟರ್ನ್ ಬರೆಯುವ ಕಂದು ಕಾಗದದ ಮೇಲೆ ಬರೆದು, ಹೊಡೆದು, ಮತ್ತೆ ಬರೆದು, ಗುಂಡಿಗಳಿಗೆ ಕಾಜಾ ತೆಗೆಯುವಾಗ ಬಾಯಲ್ಲೇ ಹೇಳಿಕೊಂಡು, ಕೊನೆಗೆ ಬಿಳಿ ಹಾಳೆಗೆ ಇಳಿಸಿದಳು. ಅದರ ಫೋಟೋ ತೆಗೆದು ನಿನಗೊಬ್ಬಳಿಗೇ ಕಳಿಸಿದಳು. ಯಾರಿಗೂ ತೋರಿಸಬೇಡ, ತಪ್ಪಿದ್ದರೆ ತಿದ್ದಿಕೊಡು ಎಂದು ಕನ್ನಡದಲ್ಲೇ ಬರೆದಿದ್ದಳು. ಕನ್ನಡವನ್ನಾದರೂ ನೀನು ಅರ್ಥ ಮಾಡಿಕೊಳ್ಳಬೇಕಿತ್ತು.

ನೀನು ಮಾಡಿದ್ದೇನು? ಎರಡು ವಾಕ್ಯಗಳಿಗೆ ಕೆಂಪು ಸುತ್ತು ಹಾಕಿ, ‘ಇವತ್ತಿನ ನಗು’ ಎಂದು ತಲೆಬರಹ ಕೊಟ್ಟು, ಮನೆಯವರೆಲ್ಲ ಇರುವ ವಾಟ್ಸಾಪ್ ಗುಂಪಿಗೆ ಹಾಕಿದೆ. ನಿನ್ನ ಶಾಲೆಯ ಮಕ್ಕಳ ಉತ್ತರಪತ್ರಿಕೆಯ ತಪ್ಪುಗಳನ್ನು ಹಾಕುತ್ತೀಯಲ್ಲ, ಹಾಗೆ. ಅದೂ ನನಗೆ ಎಂದೂ ಹಿಡಿಸಿರಲಿಲ್ಲ, ಅದು ಬೇರೆ ಮಾತು. ಅವಳು ಬರೆದದ್ದು, ‘ಆಫ್ಟರ್ ಮ್ಯಾರೇಜ್ ಐ ಸ್ಟಾಪ್ಡ್ ಟು ಸ್ಟಡಿ’. ಮದುವೆಯಾದ ಮೇಲೆ ಓದುವುದನ್ನು ನಿಲ್ಲಿಸಿದೆ ಎಂದು ಹೇಳಹೊರಟದ್ದು. ನೀನು ಅದರ ಕೆಳಗೆ, ‘ಅಂದರೆ ಓದಲು ನಿಂತೆ ಅಂತ. ನಡೆದುಕೊಂಡು ಹೋಗ್ತಿದ್ದೋರು ಗಕ್ಕನೆ ನಿಂತು ಓದಿದ್ರಂತೆ’ ಎಂದು ಬರೆದೆ. ಇನ್ನೊಂದರಲ್ಲಿ ಅವಳು, ತಾನು ಮೊದಲ ಶರ್ಟು ಹೊಲಿದದ್ದು ನೆನಪಿದೆ ಎನ್ನಲು ಹೋಗಿ, ‘ಐ ರಿಮೆಂಬರ್ ಟು ಸ್ಟಿಚ್’ ಎಂದುಬಿಟ್ಟಿದ್ದಾಳೆ. ಹೊಲಿಯಬೇಕು ಅನ್ನೋದನ್ನ ಮರೆತಿಲ್ಲ ಎಂದಂತಾಯಿತು. ನೀನು, ‘ಪಾಪ, ಆ ಗಿರಾಕಿ ಇನ್ನೂ ಬರಿ ಮೈಯಲ್ಲಿ ಕಾಯ್ತಿದ್ದಾನೆ’ ಎಂದೆ. ನಿನ್ನ ಸೋದರಮಾವ, ಅವನಿಗೆ ಬೇರೆ ಕೆಲಸವೇನಿದೆ, ಯಾವ ಬಸ್ ಸ್ಟಾಪಿನಲ್ಲಿ ನಿಂತು ಓದಿದ್ದಂತೆ ಎಂದು ಕೇಳಿದ. ಆಮೇಲೆ ಕಣ್ಣೀರು ಸುರಿಸಿ ನಗುವ ಆ ಹಳದಿ ಮುಖಗಳು ಸಾಲುಗಟ್ಟಿದವು. ಆಮೇಲೆ ನೀನು ಅದನ್ನು ಅಳಿಸಿಹಾಕಿದೆ, ನಾನು ಬಲ್ಲೆ. ಎಲ್ಲರೂ ನೋಡಿ ಆದ ಮೇಲೆ ಅಳಿಸಿದರೆ ಅದು ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲವೋ ಏನೋ. ಫೋನನ್ನು ಬೋರಲು ಹಾಕಿ, ಮಷೀನಿಗೆ ದಾರ ಪೋಣಿಸಿ, ಆ ನರ್ಸಮ್ಮನ ಕೋಟಿಗೆ ತೋಳು ಕೂರಿಸಿದಳು. ಎಡದ ತೋಳನ್ನು ಬಲಕ್ಕೆ ಕೂರಿಸಿದ್ದಳು. ಅವಳ ಕೈಯಿಂದ ಅಂಥ ತಪ್ಪು ಆದದ್ದನ್ನು ನಾನು ಕಂಡಿಲ್ಲ. ಬಿಚ್ಚಿ ಮತ್ತೆ ಹೊಲಿದಳು. ಆಮೇಲೆ, ‘ಬಿಡಿ ಅತ್ತೆ, ಮೇಡಂ ಆಗೋದೆಲ್ಲ ನಮ್ಮಂಥೋರಿಗಲ್ಲ’ ಎಂದು ಪರೀಕ್ಷೆಯ ಪ್ರವೇಶ ಚೀಟಿಯನ್ನು ಗುಂಡಿಗಳ ಡಬ್ಬದ ಕೆಳಗೆ ತಳ್ಳಿದಳು. ನಮ್ಮಂಥೋರು. ಈ ಮನೆಯಲ್ಲಿ ಆ ಮಾತನ್ನು ಯಾರೂ ಆಡಿರಲಿಲ್ಲ. ನಿಮ್ಮಪ್ಪ ಬಾಡಿಗೆಗೆ ತಂದ ಒಂದೇ ಮಷೀನಿನ ಮುಂದೆ ಕೂತಿದ್ದ ದಿನಗಳಲ್ಲೂ ಆಡಿರಲಿಲ್ಲ. ನಿನ್ನ ಅಣ್ಣನದು ಗೊತ್ತಲ್ಲ, ಅಡ್ಡಗೋಡೆಯ ಮೇಲೆ ದೀಪ. ‘ತಮಾಷೆಗೆ ಹಾಕಿರ್ತಾಳೆ ಬಿಡಮ್ಮ’ ಎಂದ. ಹಾಗಾದ್ರೆ ನೀನೂ ನಗು, ನಾನು ನೋಡ್ತೀನಿ ಎಂದೆ. ನಗಲಿಲ್ಲ. ಮೂಗು ಒರೆಸಿಕೊಂಡು ಹೊರಗೆ ಹೋದ.

ನಿನ್ನ ಸೋದರಮಾವನಿಗೆ ನಾನೇ ಫೋನ್ ಮಾಡಿದೆ. ಅವನ ಮಗನ ಮದುವೆಯಲ್ಲಿ ಅವನು ಹಾಕಿಕೊಂಡಿದ್ದ ಕೋಟು ನೆನಪಿದೆಯಾ, ಎಲ್ಲರೂ ಹೊಗಳಿದ್ದು? ಅವನ ಎಡಭುಜ ಒಂದು ಬೆರಳಗಲ ಇಳಿದಿದೆ. ಹುಟ್ಟಿನಿಂದಲೇ ಹಾಗೆ. ಅಕ್ಕನಾದ ನನಗೆ ಗೊತ್ತು, ಹೆಂಡತಿಗೆ ಗೊತ್ತು, ಅಳತೆ ತೆಗೆದ ನಿನ್ನ ಅತ್ತಿಗೆಗೆ ಗೊತ್ತು. ಅವಳು ಆ ಭುಜದೊಳಗೆ ಒಂದು ಪ್ಯಾಡ್ ಹೆಚ್ಚಾಗಿ ಇಟ್ಟು, ಮೇಲೆ ಏನೂ ಕಾಣದ ಹಾಗೆ ಹೊಲಿದು, ಅವನಿಗೂ ಹೇಳದೆ ತೊಡಿಸಿ ಕಳಿಸಿದಳು. ‘ನಿನ್ನ ಭುಜಕ್ಕೆ ಕೆಂಪು ಸುತ್ತು ಹಾಕಿ ಗುಂಪಿನಲ್ಲಿ ಹಾಕಲೇನೋ ತಮ್ಮಾ’ ಎಂದು ಕೇಳಿದೆ. ಅಕ್ಕಾ, ಅಕ್ಕಾ ಎಂದು ತೊದಲಿದ. ನಿನಗೂ ಒಂದು ಹೇಳುತ್ತೇನೆ. ಹಾಸ್ಟೆಲಿಗೆ ಸೇರಿದ ವರ್ಷ ರಜೆಗೆ ಬಂದವಳು ನೀನು, ಬಟ್ಟೆ ಒಗೆದು ಕುಗ್ಗಿದೆ ಅತ್ತಿಗೆ ಎಂದು ಕುಪ್ಪಸಗಳನ್ನೆಲ್ಲ ಅವಳ ಮುಂದೆ ರಾಶಿ ಹಾಕಿದೆ. ಕುಗ್ಗಿದ್ದು ಬಟ್ಟೆಯಲ್ಲ ಎಂದು ಕಣ್ಣಿದ್ದವರಿಗೆ ಗೊತ್ತಿತ್ತು. ಅವಳು ಟೇಪು ಹಿಡಿದು ನೋಡಿ, ‘ಹೌದು, ಈ ಬಟ್ಟೇನೇ ಹಾಗೆ, ಕುಗ್ಗತ್ತೆ’ ಎಂದು ಎಲ್ಲದರ ಹೊಲಿಗೆ ಬಿಚ್ಚಿ ಅಗಲ ಮಾಡಿಕೊಟ್ಟಳು. ನಮ್ಮ ಕಸುಬಿನ ಮೊದಲ ಪಾಠ ಅದು. ಮೈಯ ಓರೆಕೋರೆ ಟೇಪಿಗೂ ನಮಗೂ ಮಾತ್ರ ಗೊತ್ತಿರಬೇಕು. ಬಟ್ಟೆ ಸರಿ ಮಾಡಬೇಕು, ಮನುಷ್ಯರನ್ನು ಬಟಾಬಯಲು ಮಾಡಬಾರದು. ನೀನು ಹತ್ತಾರು ವರ್ಷ ಆ ಅಂಗಡಿಯಲ್ಲೇ ಬೆಳೆದವಳು. ದಾರದ ಉಂಡೆ ಉರುಳಿಸಿಕೊಂಡು ಆಡಿದ್ದು ಬಿಟ್ಟರೆ ಅಲ್ಲಿಂದ ಏನನ್ನೂ ತೆಗೆದುಕೊಂಡು ಹೋಗಲಿಲ್ಲವೇ?

ನಿನ್ನ ವ್ಯಾಕರಣ ತಪ್ಪು ಎಂದು ನಾನು ಹೇಳುತ್ತಿಲ್ಲ. ನಾನು ಹೈಸ್ಕೂಲಿನವರೆಗೆ ಓದಿದವಳು, ಇಂಗ್ಲಿಷ್ ಪತ್ರಿಕೆಯ ತಲೆಬರಹ ಓದಿಕೊಳ್ಳಬಲ್ಲೆ, ಮೋಸ ಹೋಗದಷ್ಟು ಬಲ್ಲೆ. ನಿನ್ನೆ ಪೇಟೆಗೆ ಹೋಗಿ ಒಂದು ಗೈಡು ತಂದು ನೋಡಿದೆ. ನೀನು ಹೇಳಿದ್ದೇ ಸರಿ. ಸ್ಟಾಪ್ ಆದ ಮೇಲೆ ಟು ಬಂದರೆ ಆ ಕೆಲಸಕ್ಕಾಗಿ ನಿಂತದ್ದು, ಇಂಗ್ ಬಂದರೆ ಆ ಕೆಲಸವನ್ನೇ ನಿಲ್ಲಿಸಿದ್ದು. ಕನ್ನಡದಲ್ಲಿ ಮಾತು ಕಲಿಯುವ ಮಗುವೂ ಇದರಲ್ಲಿ ತಪ್ಪುವುದಿಲ್ಲ. ಆಡೋಕೆ ನಿಂತ ಅನ್ನುವುದು ಬೇರೆ, ಆಡೋದು ನಿಲ್ಲಿಸಿದ ಅನ್ನುವುದು ಬೇರೆ. ಹಾಗಿದ್ದೂ ಅವಳು ಇಂಗ್ಲಿಷಿನಲ್ಲಿ ಎಡವಿದ್ದು ಯಾಕೆ ಎಂದು ಯೋಚಿಸಿದೆ. ಯೋಚಿಸಿದಷ್ಟೂ ಸಿಟ್ಟು ಏರಿತು. ಯಾಕೆಂದರೆ ಆ ತಪ್ಪು ಎಲ್ಲಿಂದ ಬಂತು ಎನ್ನುವುದು ನಿನಗೇ ಗೊತ್ತಿರಬೇಕಿತ್ತು.

ನಿಮ್ಮಪ್ಪ ತೀರಿಕೊಂಡ ವರ್ಷ ನೆನಪು ಮಾಡಿಕೊ. ಶಾಲೆಯೊಂದರ ಯೂನಿಫಾರಂ ಕೆಲಸ ಒಪ್ಪಿಕೊಂಡು ಆಗಿತ್ತು, ಬಟ್ಟೆ ಥಾನುಗಟ್ಟಲೆ ಬಂದು ಬಿದ್ದಿತ್ತು, ಕತ್ತರಿ ಹಿಡಿಯುವ ಕೈ ಇರಲಿಲ್ಲ. ಮನೆಯಲ್ಲಿ ಓದುತ್ತಿದ್ದ ಹುಡುಗಿಯರು ಇಬ್ಬರು. ನೀನು ಡಿಗ್ರಿಯ ಮೊದಲ ವರ್ಷ, ಹೊಸದಾಗಿ ಮನೆ ತುಂಬಿದ್ದ ಅವಳು ಎರಡನೆಯ ವರ್ಷ. ಒಬ್ಬರು ಕತ್ತರಿಸುವ ಮೇಜಿಗೆ ಬರಲೇಬೇಕಿತ್ತು. ಯಾರು ಎಂದು ತೀರ್ಮಾನಿಸಿದವಳು ನಾನು. ನಿನ್ನ ಕೈಗೆ ಕತ್ತರಿ ಕೊಟ್ಟಿದ್ದರೆ ಆ ಶಾಲೆಯ ಮಕ್ಕಳೆಲ್ಲ ಒಂದು ಕಾಲು ಗಿಡ್ಡ, ಒಂದು ಕಾಲು ಉದ್ದದ ಚಡ್ಡಿ ಹಾಕಿಕೊಂಡು ಪ್ರಾರ್ಥನೆಗೆ ನಿಲ್ಲಬೇಕಾಗುತ್ತಿತ್ತು. ಅವಳ ಕೈ ನೇರ ಇತ್ತು. ಅಂಗಡಿ ಉಳಿಯಿತು. ಆ ತೀರ್ಮಾನ ಇವತ್ತು ಮಾಡಬೇಕಾಗಿ ಬಂದರೂ ಅದನ್ನೇ ಮಾಡುತ್ತೇನೆ, ಅದಕ್ಕಾಗಿ ಯಾರ ಮುಂದೆಯೂ ಕೈಕಟ್ಟಿ ನಿಲ್ಲುವುದಿಲ್ಲ. ಆದರೆ ತೀರ್ಮಾನ ನನ್ನದಾದರೂ, ತೆತ್ತವಳು ಅವಳು, ಉಂಡವಳು ನೀನು. ಕೈ ಕೆಸರಾದದ್ದು ಒಬ್ಬಳದು, ಬಾಯಿ ಮೊಸರಾದದ್ದು ಇನ್ನೊಬ್ಬಳದು.

ಅಷ್ಟೇ ಆಗಿದ್ದರೆ ಹೇಳುತ್ತಿರಲಿಲ್ಲ. ಸಂಜೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಅವಳು ಯೂನಿಫಾರಂಗಳಿಗೆ ಇಸ್ತ್ರಿ ಹಾಕುತ್ತಿದ್ದಳು, ನೀನು ವ್ಯಾಕರಣದ ಪುಸ್ತಕವನ್ನು ಮೇಜಿನ ಮೇಲೆ ಅವಳಿಗೆ ಕಾಣುವ ಹಾಗೆ ಒರಗಿಸಿ, ಎದುರು ಸ್ಟೂಲ್ ಹಾಕಿಕೊಂಡು ಕೂರುತ್ತಿದ್ದೆ. ಒಂದು ಕ್ರಿಯಾಪದದ ಬೆನ್ನಿಗೆ ಇನ್ನೊಂದು ಬಂದರೆ ಅದು ಯಾವ ವೇಷ ಹಾಕಿಕೊಂಡು ಬರಬೇಕು ಎನ್ನುವುದು ಆಗ ನಿನ್ನ ತಲೆಗೆ ಹತ್ತುತ್ತಿರಲಿಲ್ಲ. ಮುಂದೆ ಟು ಬಂದರೆ ಅದು ಮೂಗು, ಕೊನೆಗೆ ಇಂಗ್ ಬಂದರೆ ಅದು ಬಾಲ ಎಂದು ಹೆಸರಿಟ್ಟುಕೊಟ್ಟವಳು ಅವಳು. ‘ಎಂಜಾಯ್’ ಎಂದು ಅವಳು ಕೇಳಿದರೆ ನೀನು ‘ಬಾಲ’. ‘ಡಿಸೈಡ್’ ಎಂದರೆ ‘ಮೂಗು’. ಫಿನಿಶ್ ಬಾಲ, ಹೋಪ್ ಮೂಗು. ಅವಾಯ್ಡಿಗೆ ನೀನು ಮೂಗು ಎಂದಾಗಲೆಲ್ಲ ಅವಳು ಮಾತಾಡದೆ ಇಸ್ತ್ರಿಪೆಟ್ಟಿಗೆಯನ್ನು ಒದ್ದೆ ಬಟ್ಟೆಯ ಮೇಲೆ ಒತ್ತಿ ಬುಸ್ ಎನ್ನಿಸುತ್ತಿದ್ದಳು, ನೀನು ಕೂಡಲೇ ‘ಬಾಲ, ಬಾಲ’ ಎನ್ನುತ್ತಿದ್ದೆ. ಇದೇನು ಓದೋ ಕೋಣೆಯೋ ದನದ ಸಂತೆಯೋ ಎಂದು ನಾನು ಒಳಗಿನಿಂದ ಗದರಿದ್ದೂ ಉಂಟು. ಈಗ ನಿನ್ನ ಶಾಲೆಯಲ್ಲಿ ಮೂಗು ಬಾಲದ ಪಾಠವೆಂದರೆ ಮಕ್ಕಳಿಗೆ ಪ್ರಾಣ ಎಂದು ಹೇಳಿಕೊಳ್ಳುತ್ತೀಯಲ್ಲ, ಅದು ಯಾರ ಇಸ್ತ್ರಿ ಮೇಜಿನ ಮೇಲೆ ಹುಟ್ಟಿದ್ದು ಎಂದು ಅವರಿಗೆ ಹೇಳಿದ್ದೀಯಾ?

ಆ ಪುಸ್ತಕದಲ್ಲಿ ಕೊನೆಗೊಂದು ಪುಟವಿತ್ತು. ಮೂಗೂ ಬರುವ, ಬಾಲವೂ ಬರುವ, ಆದರೆ ಯಾವುದು ಬಂತು ಎನ್ನುವುದರ ಮೇಲೆ ಅರ್ಥವೇ ತಿರುಗಿಬೀಳುವ ನಾಲ್ಕಾರು ಮಾತುಗಳು. ಸ್ಟಾಪ್, ರಿಮೆಂಬರ್, ಫರ್ಗೆಟ್, ಟ್ರೈ. ಅಲ್ಲಿಗೆ ಬಂದ ದಿನ ನೀನು, ‘ಇದು ಕಷ್ಟ ಅತ್ತಿಗೆ, ಕೇಳಿಸ್ಕೊಂಡ್ರೆ ಆಗಲ್ಲ, ನಾನೇ ಓದ್ಕೋತೀನಿ’ ಎಂದು ಪುಸ್ತಕ ಎತ್ತಿಕೊಂಡು ಒಳಗೆ ಹೋದೆ. ಈಗ ಅವಳ ಪುಟವನ್ನು ಮತ್ತೊಮ್ಮೆ ನೋಡು. ಹೇಳಿಕೊಡುವುದೆಂದರೆ ನನಗೆ ಖುಷಿ ಎಂದು ಬರೆದಿದ್ದಾಳೆ, ಅಲ್ಲಿ ಬಾಲ ಸರಿಯಾಗಿದೆ. ಬಟ್ಟೆ ಹಾಳುಮಾಡುವುದಿಲ್ಲ ಎಂದು ಬರೆದಿದ್ದಾಳೆ, ಅಲ್ಲಿ ಅವಾಯ್ಡಿನ ಬಾಲವೂ ಸರಿಯಾಗಿದೆ. ತರಗತಿಯ ಮುಂದೆ ನಿಲ್ಲುವ ಭರವಸೆಯಿದೆ ಎಂದು ಬರೆದಿದ್ದಾಳೆ, ಮೂಗು ಇರಬೇಕಾದಲ್ಲೇ ಇದೆ. ನೀನು ಕೆಂಪು ಸುತ್ತು ಹಾಕಿದ ಎರಡೂ ತಪ್ಪುಗಳು ನೀನು ಒಳಗೆ ಒಯ್ದ ಆ ಪುಟದವು. ಇನ್ನೊಬ್ಬಳ ಪರೀಕ್ಷೆಗೆಂದು ಇಸ್ತ್ರಿ ಹಾಕುತ್ತ ಪ್ರಶ್ನೆ ಕೇಳಿದವಳು, ಕಿವಿಗೆ ಬಿದ್ದಷ್ಟನ್ನೂ ಇಷ್ಟು ವರ್ಷ ಕಾಪಾಡಿಕೊಂಡಿದ್ದಾಳೆ. ಕಿವಿಗೆ ಬೀಳದ ಎರಡು ಮಾತಿಗೆ ನೀನು ಅವಳನ್ನು ಮನೆಮಂದಿಯ ಮುಂದೆ ನಿಲ್ಲಿಸಿದೆ.

ಇನ್ನೊಂದು ಮಾತು. ಸ್ಟಾಪ್ಡ್ ಟು ಸ್ಟಡಿ ಎಂದರೆ ಓದಿಗಾಗಿ ನಿಂತಳು ಎಂದಾಗುತ್ತದೆ ಎಂದು ನೀನೇ ಬರೆದೆಯಲ್ಲ. ಮತ್ತೆ ನಗುವುದೇನಿದೆ ಅದರಲ್ಲಿ? ನಡೆಯುತ್ತಿದ್ದವಳು ನಿಂತಳು. ಗಕ್ಕನೆ ನಿಂತಳು. ಓದಿಗಾಗಿಯೇ ನಿಂತಳು. ಓದು ನಿನ್ನದಾಗಿತ್ತು, ಅಷ್ಟೇ. ಪರೀಕ್ಷೆಯಲ್ಲಿ ಆ ವಾಕ್ಯಕ್ಕೆ ಅಂಕ ಬರುವುದಿಲ್ಲ, ನನಗೆ ಗೊತ್ತು, ಕೊಡು ಎಂದೂ ಹೇಳುವುದಿಲ್ಲ. ಆದರೆ ಅದನ್ನು ಓದಿ ನಗುವ ಹಕ್ಕು ಈ ಭೂಮಿಯ ಮೇಲೆ ಯಾರಿಗೆ ಇದ್ದರೂ ನಿನಗಿಲ್ಲ.

ನಿನ್ನ ಮೇಲೆ ನನಗೆ ಎಷ್ಟು ಹೆಮ್ಮೆ ಇತ್ತೆಂದರೆ, ಗಿರಾಕಿಗಳ ಅಳತೆ ತೆಗೆಯುವಾಗಲೂ ನಿನ್ನ ವಿಷಯ ತೆಗೆಯುತ್ತಿದ್ದೆ. ನಿನ್ನೆ ಆ ಬ್ಯಾಂಕಿನವರು, ಮಗಳು ಹೇಗಿದ್ದಾಳೆ ಎಂದರು. ‘ಚೆನ್ನಾಗಿದ್ದಾಳೆ, ಸ್ವಲ್ಪ ಕೈ ಎತ್ತಿ’ ಎಂದೆ. ಬಾಯಲ್ಲಿ ಗುಂಡುಸೂಜಿ ಇತ್ತು, ಬೇರೆ ಮಾತಾಡದೆ ಇರಲು ಅದೇ ನೆಪವಾಯಿತು. ಅವಳಿಗೆ ಫೋನ್ ಮಾಡಿ ನಗುನಗುತ್ತ ಸಾರಿ ಹೇಳುವ ಕೆಲಸ ಮಾತ್ರ ಮಾಡಬೇಡ. ಸಾರಿ ಎನ್ನುವುದು ತೇಪೆ, ಹೊಲಿಗೆಯಲ್ಲ. ಬೇಸಿಗೆ ರಜೆಗೆ ಎಲ್ಲಿಗೆ ಹೋಗುತ್ತೀಯೋ ಹೋಗು. ಇಲ್ಲಿಗೆ ಬಾ ಎಂದು ಹೇಳಲು ಸದ್ಯಕ್ಕೆ ನನಗೆ ಮನಸ್ಸಿಲ್ಲ.

ನಿನ್ನ ಜೊತೆ ಕೋಣೆಯಲ್ಲಿರುವ ಗಣಿತದ ಟೀಚರಿಗೆ ನಾನು ಕೇಳಿದೆನೆಂದು ಹೇಳು. ಆ ಹುಡುಗಿ ಒಳ್ಳೆಯವಳು, ಹೋದ ಸಲ ಇಲ್ಲಿಗೆ ಬಂದಾಗ ತಟ್ಟೆ ತಾನೇ ತೊಳೆದಿಟ್ಟಳು. ನಿನಗೆ ನನ್ನ ಆಶೀರ್ವಾದ ಇದ್ದೇ ಇದೆ. ಅದು ಹೆತ್ತ ತಪ್ಪಿಗೆ ಕೊಡುವುದು, ಅದಕ್ಕೆ ನೀನು ಪಾಸಾಗಬೇಕಿಲ್ಲ.

ನಿನ್ನ ತಾಯಿ

ತಾ.ಕ. ಲಕೋಟೆ ಅಂಟಿಸುವಷ್ಟರಲ್ಲಿ ಅವಳು ಬಂದು ಯಾರಿಗೆ ಎಂದಳು. ಹೇಳಿದೆ. ಓದಿ ಎಂದಳು, ಓದಿದೆ. ಮಾವನ ಭುಜದ ಮಾತಿಗೆ ನಕ್ಕಳು. ಡಿಗ್ರಿ ಬಿಡಿಸಿದ ಜಾಗಕ್ಕೆ ಬಂದಾಗ ನಗಲಿಲ್ಲ, ಮುಂದೆ ಓದಿ ಎಂದಳು. ಮುಗಿದ ಮೇಲೆ, ‘ಅತ್ತೆ, ಅವಳು ನಕ್ಕಿದ್ದೂ ಹೌದು, ತಿದ್ದಿದ್ದೂ ಹೌದು. ನಕ್ಕಿದ್ದನ್ನ ನೀವು ಇಟ್ಕೊಳ್ಳಿ. ತಿದ್ದಿದ್ದು ನಂಗೆ ಬೇಕು’ ಎಂದಳು. ನೀನು ಅಳಿಸುವ ಮೊದಲೇ ಆ ಚಿತ್ರವನ್ನು ತನ್ನ ಫೋನಿಗೆ ಇಳಿಸಿಕೊಂಡಿದ್ದಾಳೆ, ಆ ಎರಡು ವಾಕ್ಯಗಳನ್ನು ಸರಿಮಾಡಿ ಬರೆದೂ ಇಟ್ಟಿದ್ದಾಳೆ. ಇನ್ನು ಫರ್ಗೆಟ್ ಮತ್ತು ಟ್ರೈ ಬಾಕಿ. ಗೈಡು ಹಿಡಿದು ನಾನೇ ಹೇಳಿಕೊಡಲು ಹೋದೆ. ಬಾಗಿಲು ತೆಗೆಯಲು ಪ್ರಯತ್ನ ಪಟ್ಟದ್ದು, ಬಾಗಿಲು ತೆಗೆದು ನೋಡಿದ್ದು, ಎರಡಕ್ಕೂ ಟ್ರೈ ಅಂತೆ. ನನಗೇ ತಿಳಿಯಲಿಲ್ಲ, ಅವಳನ್ನೇ ಗದರಿಬಿಟ್ಟೆ. ‘ನೀವು ಹೇಳಿದ್ರೆ ಭಯ ಆಗತ್ತೆ ಅತ್ತೆ, ಅವಳು ಹೇಳಿದ್ರೆ ಒಂದೇ ಸಲಕ್ಕೆ ತಲೆಗೆ ಹೋಗತ್ತೆ. ಅವಳು ಬಂದು ಹೇಳ್ಕೊಟ್ರೆ ಪರೀಕ್ಷೆಗೆ ಕೂರ್ತೀನಿ’ ಎನ್ನುತ್ತಾಳೆ. ಬೇರೆ ಯಾರೂ ಬೇಡವಂತೆ. ಆದ್ದರಿಂದ ಈ ಶನಿವಾರ ಮೊದಲ ಬಸ್ಸಿಗೇ ಹತ್ತು. ಒಂದು ವಾರ ರಜೆ ಹಾಕಿಕೊಂಡು ಬಾ. ಇದರಿಂದ ನನ್ನ ಸಿಟ್ಟು ಇಳಿಯಿತು ಎಂದು ತಿಳಿಯಬೇಡ. ಬಾಗಿಲು ನಾನು ತೆಗೆಯುವುದಿಲ್ಲ. ಅವಳು ತೆಗೆಯುತ್ತಾಳೆ.